ಮುಳುಗುವವರ ಕಾಲಿನ ರೆಕ್ಕೆ: ಯಾವುದು ಮೇಲು?



ಚಂದ್ರಗಿರಿ ಹೊಳೆಯಲ್ಲೋ ಊರ ಕೆರೆಯಲ್ಲೋ ಈಜು ಕಲಿತವರು ಬಾತುಕೋಳಿಯನ್ನು ನೋಡಿಯೇ ಇರುತ್ತೀರಿ. ನಾವು ಕಾಲು ಬಡಿದು ಬಡಿದು ಸುಸ್ತಾಗುವಾಗ ಅದು ಸದ್ದಿಲ್ಲದೆ ಮುಂದೆ ಸಾಗಿರುತ್ತದೆ. ಬೆರಳುಗಳ ನಡುವಿನ ತೊಗಲೇ ಅದರ ಗುಟ್ಟು. ಸ್ವಲ್ಪ ನೀರನ್ನು ರಭಸದಿಂದ ತಳ್ಳುವುದಕ್ಕಿಂತ ಹೆಚ್ಚು ನೀರನ್ನು ನಿಧಾನವಾಗಿ ತಳ್ಳಿದರೆ, ಕಡಿಮೆ ಶ್ರಮದಲ್ಲಿ ಅಷ್ಟೇ ಬಲ ಸಿಗುತ್ತದೆ. ಮುಳುಗುವವರು ಕಾಲಿಗೆ ಹಾಕುವ 'ಫಿನ್' ಎಂಬ ರೆಕ್ಕೆಯ ತತ್ತ್ವವೂ ಇದೇ.

ಈ ಯೋಚನೆ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಸುಮಾರು 10 ಅಂಗುಲ ಉದ್ದದ ಎರಡು ಮರದ ಹಲಗೆಗಳನ್ನು ಕೈಯಲ್ಲಿ ಹಿಡಿದು ಈಜಿದ್ದ. ವೇಗವೇನೋ ಹೆಚ್ಚಿತು, ಮಣಿಕಟ್ಟು ಸೋತಿತು. ಅಂಗಾಲಿಗೆ ಕಟ್ಟಿದ ಹಲಗೆಯಂತೂ ಅವನಿಗೆ ಹಿಡಿಸಲಿಲ್ಲ. ಇಂದಿನ ರೀತಿಯ ರಬ್ಬರ್ ಫಿನ್‌ಗೆ 1933ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲ್ಯೂ.

ಇನ್ನು ಹೋಲಿಕೆಗೆ ಬರೋಣ.

ಮೊದಲನೆಯದು, ಸೀಳಿಲ್ಲದ ಹಲಗೆಯ ಫಿನ್. ಗಡುಸಾಗಿದ್ದರೆ ಒಂದೊಂದು ಒದೆತಕ್ಕೂ ಒಳ್ಳೆಯ ಬಲ ಕೊಡುತ್ತದೆ. ಸೆಳವಿಗೆ ಎದುರಾಗಿ ಹೋಗಲು, ಕಪ್ಪೆಯಂತೆ ಒದೆಯಲು, ಹಿಂದಕ್ಕೆ ಸರಿಯಲು ಇದೇ ಅನುಕೂಲ. ಆದರೆ ಕಾಲಿನಲ್ಲಿ ಕಸುವು ಬೇಕು. ಇಲ್ಲದಿದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ತೀರಾ ಮೆತ್ತಗಿನದಾದರೆ ಸುಮ್ಮನೆ ಬಳುಕುತ್ತದೆ, ನೀರನ್ನು ಹಿಂದಕ್ಕೆ ತಳ್ಳುವುದಿಲ್ಲ.

ಎರಡನೆಯದು, ಕಿಂಡಿಗಳಿರುವ ಫಿನ್. 1960ರ ದಶಕದಲ್ಲಿ ಬಂದ 'ಜೆಟ್ ಫಿನ್' ಈ ಜಾತಿಯದು. ಕಾಲು ಎತ್ತುವಾಗ ನೀರು ಕಿಂಡಿಯಿಂದ ನುಸುಳಿ ತಡೆ ಕಡಿಮೆಯಾಗಲಿ ಎಂಬುದು ಉದ್ದೇಶ. ದಪ್ಪ ರಬ್ಬರಿನದು, ಭಾರ ಹೆಚ್ಚು, ಬಾಳಿಕೆಯೂ ಹೆಚ್ಚು.

ಮೂರನೆಯದು, ನಡುವೆ ಸೀಳಿದ ಫಿನ್. 1990ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ಬಂತು. ಮೇಲೆ ಕೆಳಗೆ ಸಣ್ಣದಾಗಿ, ಬೇಗ ಬೇಗ ಒದೆದರೆ ಸಾಕು. ಮಂಡಿನೋವು ಇರುವವರಿಗೆ, ಕಾಲಿನ ಬಲ ಕಡಿಮೆಯಿರುವವರಿಗೆ ಹಗುರ ಎನಿಸುತ್ತದೆ. ಆದರೆ ಕಪ್ಪೆ ಒದೆತಕ್ಕೆ ಹಾಗೂ ಇಕ್ಕಟ್ಟಿನಲ್ಲಿ ತಿರುಗುವುದಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ.

ನಾಲ್ಕನೆಯದು, ಉದ್ದ ಹಲಗೆಯ ಫಿನ್. ಸಿಲಿಂಡರ್ ಇಲ್ಲದೆ ಉಸಿರು ಬಿಗಿಹಿಡಿದು ಇಳಿಯುವವರದು. ಎರಡೂ ಕಾಲು ಸೇರಿಸಿ ಮೀನಿನ ಬಾಲದಂತೆ ಬೀಸುವ ಒಂಟಿ ಫಿನ್ ತೊಟ್ಟು, ಒಂದೇ ಉಸಿರಿನಲ್ಲಿ 100 ಮೀಟರಿಗೂ ಆಳಕ್ಕೆ ಹೋಗಿ ಬಂದವರಿದ್ದಾರೆ. ಹವಳದ ಬಂಡೆಗಳ ನಡುವೆ ಮಾತ್ರ ಈ ಉದ್ದವೇ ತೊಡಕು.

ಇಷ್ಟೊಂದು ಲೆಕ್ಕಾಚಾರ ಏಕೆ ಎಂದು ಕೇಳಬಹುದು. ಸಿಲಿಂಡರಿನ ಗಾಳಿ ಪಾಸ್‌ಬುಕ್ಕಿನ ಬಾಕಿಯಿದ್ದಂತೆ. ನೀರಿನೊಳಗೆ ಖರ್ಚೇ ಹೊರತು ಜಮಾ ಇಲ್ಲ. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೆ ಮೇಲಿನದರ ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟು ಗಾಳಿ ಖಾಲಿಯಾಗುತ್ತದೆ. ಒಗ್ಗದ ಫಿನ್ ತೊಟ್ಟು ಏದುಸಿರು ಬಂತೋ, ಖರ್ಚು ಇನ್ನೂ ಏರಿತು. ಸೆಳವಿನಲ್ಲಿ ಕಾಲು ಹಿಡಿದುಕೊಂಡರಂತೂ ಜೀವಕ್ಕೇ ಸಂಚಕಾರ.

ಆದ್ದರಿಂದ ಎಲ್ಲರಿಗೂ ಮೇಲಾದ ಫಿನ್ ಎಂಬುದಿಲ್ಲ, ಅವರವರ ಕಾಲಿಗೆ ಮತ್ತು ಕೆಲಸಕ್ಕೆ ಒಪ್ಪುವುದು ಮಾತ್ರ ಇದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚಲ್ಲ. ಪಾದ ಪೂರ್ತಿ ಮುಚ್ಚುವ ಬಗೆ ಬೆಚ್ಚನೆಯ ನೀರಿಗೆ ಸಾಕು. ಹಿಮ್ಮಡಿಗೆ ಪಟ್ಟಿಯಿರುವ ಬಗೆಗೆ ಒಳಗೆ ರಬ್ಬರ್ ಬೂಟು ಬೇಕು, ಆದರೆ ಕಲ್ಲಿನ ದಡದಲ್ಲಿ ಆ ಬೂಟೇ ಪಾದ ಕಾಯುತ್ತದೆ. ಬೆರಳು ಒತ್ತಬಾರದು, ಹಿಮ್ಮಡಿ ಜಾರಬಾರದು.

ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲೋ ಗೋವೆಯ ಕಡಲಿನಲ್ಲೋ ನಮ್ಮ ಮಕ್ಕಳು ಮುಳುಗಲು ಹೊರಟರೆ, ತರಬೇತಿ ಪಡೆದ ಗುರುವಿನೊಡನೆ ಮೊದಲು ಆಳವಿಲ್ಲದ ನೀರಿನಲ್ಲಿ ಫಿನ್ ತೊಟ್ಟು ನೋಡಲಿ. ಕಾಲು ಒಪ್ಪಿದ ಮೇಲೆ ಕಡಲಿಗಿಳಿಯಲಿ.