ರೆಂಬ್ರಾಂಟ್ ಓದಿದ ಲ್ಯಾಟಿನ್ ಶಾಲೆ

ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ, ಪೀಟರ್ಸ್‌ಕೆರ್ಕ್ ಎಂಬ ದೊಡ್ಡ ಚರ್ಚಿನ ಹತ್ತಿರ, ಲೊಕ್‌ಹೋರ್ಸ್ಟ್‌ಸ್ಟ್ರಾಟ್ ಎಂಬ ಕಿರಿದಾದ ಬೀದಿಯಿದೆ. ಅಲ್ಲಿರುವ ಕೆಂಪು ಇಟ್ಟಿಗೆಯ ಲ್ಯಾಟಿನ್ ಶಾಲೆಯ ಕಟ್ಟಡ 1599ರದು. ಶಾಲೆಯ ಚರಿತ್ರೆ ಅದಕ್ಕೂ ಹಿಂದಿನದು.

ಈ ಕಟ್ಟಡ ಏಳುವ ಕಾಲು ಶತಮಾನದ ಹಿಂದೆ ಈ ಊರು ಸ್ಪೇನ್ ಸೇನೆಯ ಮುತ್ತಿಗೆಯಲ್ಲಿ ಸಿಕ್ಕಿ ನರಳಿತ್ತು. ಹಸಿವು, ಪ್ಲೇಗಿಗೆ ಸಾವಿರಾರು ಜನ ಸತ್ತರು. ಏರಿಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿ, ದೋಣಿಗಳಲ್ಲಿ ಬಂದ ಡಚ್ ಬಂಡಾಯಗಾರರು 1574ರ ಅಕ್ಟೋಬರ್ 3ರಂದು ಊರನ್ನು ಬಿಡಿಸಿದರು. ಮರುವರ್ಷವೇ ಅಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಹುಡುಗರನ್ನು ಅದಕ್ಕೆ ಅಣಿಗೊಳಿಸುವ ಹೊಣೆ ಈ ಶಾಲೆಯದು.

ಕಟ್ಟಡದ ಅಂದವೆಲ್ಲ ಮುಖಗೋಡೆಯಲ್ಲಿದೆ. ಕಡಿದಾದ ಚಾವಣಿಯನ್ನು ಮರೆಮಾಡುವಂತೆ ಗೋಡೆ ಎರಡೂ ಬದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ತುದಿಯಲ್ಲಿ ಸೇರುತ್ತದೆ. ಹಾಲೆಂಡಿನಲ್ಲಿ ಜೇಡಿಮಣ್ಣಿಗೆ ಬರವಿಲ್ಲ, ಕಟ್ಟುವ ಕಲ್ಲಿಗೆ ಮಾತ್ರ ಹೊರನಾಡೇ ಗತಿ. ಅದಕ್ಕೇ ಮೈಯೆಲ್ಲ ಇಟ್ಟಿಗೆ. ನಡುನಡುವೆ ಮಾತ್ರ ತಿಳಿಬಣ್ಣದ ಮರಳುಗಲ್ಲಿನ ಪಟ್ಟಿ. ಕಲ್ಲು ದುಬಾರಿಯಾದ್ದರಿಂದಲೇ ಅದನ್ನು ಇಷ್ಟು ಹದವಾಗಿ ಬಳಸುವ ಕಲೆ ಡಚ್ಚರಿಗೆ ಒಲಿಯಿತು ಎಂದು ನನಗನ್ನಿಸುತ್ತದೆ. ಭಕ್ತಿ, ಭಾಷೆಗಳು ಹಾಗೂ ಉದಾರ ವಿದ್ಯೆಗಳಿಗೆ ಈ ಮನೆ ಮೀಸಲೆಂದು ಮುಖಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆಸಿದ್ದಾರೆ.

ಗಿರಣಿಯವನ ಮಗ, ಮುಂದೆ ಚಿತ್ರಕಾರನಾದ ರೆಂಬ್ರಾಂಟ್ ಓದಿದ್ದು ಇಲ್ಲೇ. 1620ರಲ್ಲಿ ವಿಶ್ವವಿದ್ಯಾಲಯದ ದಾಖಲೆಯಲ್ಲೂ ಅವನ ಹೆಸರು ಸೇರಿತು. ಆದರೆ ಹುಡುಗನಿಗೆ ಓದಿನಲ್ಲಿ ಮನಸ್ಸಿರಲಿಲ್ಲ, ಚಿತ್ರವೊಂದೇ ಅವನ ಹಂಬಲವಾಗಿತ್ತು ಎಂದು ಲೈಡನ್ನಿನ ಚರಿತ್ರಕಾರ ಓರ್ಲರ್ಸ್ 1641ರಲ್ಲೇ ಬರೆದಿದ್ದಾನೆ. ಹಾಗೆಂದು ಶಾಲೆಯ ಶ್ರಮ ವ್ಯರ್ಥವಾಯಿತು ಎನ್ನಲು ನಾನು ಒಪ್ಪುವುದಿಲ್ಲ. 1632ರಲ್ಲಿ ಅವನು ಬರೆದ ಚಿತ್ರದಲ್ಲಿ ಗೂಳಿಯ ರೂಪದ ದೇವರು ಯುರೋಪಾ ಎಂಬ ಯುವತಿಯನ್ನು ಹೊತ್ತೊಯ್ಯುತ್ತಾನೆ. ಅದು ರೋಮನ್ ಕವಿ ಓವಿಡ್ ಹೇಳಿದ ಕಥೆ. 1653ರ ಇನ್ನೊಂದು ಚಿತ್ರದಲ್ಲಿ ಅರಿಸ್ಟಾಟಲ್ ಹೋಮರನ ಪ್ರತಿಮೆಯ ತಲೆಯ ಮೇಲೆ ಕೈಯಿಟ್ಟು ಯೋಚನೆಯಲ್ಲಿ ಮುಳುಗಿದ್ದಾನೆ. ಈ ಹಳೆಯ ಲೋಕದ ಬಾಗಿಲು ಅವನಿಗೆ ತೆರೆದದ್ದು ಇಂಥ ಶಾಲೆಯಲ್ಲಿ.

ಹುಡುಗಿಯರಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. 19ನೆಯ ಶತಮಾನದಲ್ಲಿ ಲ್ಯಾಟಿನ್ ಶಾಲೆಗಳ ಕಾಲ ಮುಗಿಯಿತು. 1863ರ ಕಾನೂನು ವಿಜ್ಞಾನ, ಗಣಿತ, ಆಧುನಿಕ ಭಾಷೆಗಳಿಗೆ ಒತ್ತು ಕೊಟ್ಟ ಹೊಸ ಬಗೆಯ ಪ್ರೌಢಶಾಲೆಗಳನ್ನು ತಂದಿತು. 1876ರ ಕಾನೂನಿನ ನಂತರ ಹಳೆಯ ಲ್ಯಾಟಿನ್ ಶಾಲೆಗಳಲ್ಲಿ ಹಲವು ಜಿಮ್ನಾಸಿಯಂ ಎಂಬ ಪ್ರೌಢಶಾಲೆಗಳಾದವು. ಈಗಲೂ ಡಚ್ ಜಿಮ್ನಾಸಿಯಂನಲ್ಲಿ ಓದುವ ಹುಡುಗ ಹುಡುಗಿಯರು ಲ್ಯಾಟಿನ್ ಅಥವಾ ಗ್ರೀಕ್ ಪರೀಕ್ಷೆ ಬರೆಯಲೇಬೇಕು.