ಎರಡು ಅಕ್ಷರ ಬಿಟ್ಟುಹೋದರೆ

1937ರಲ್ಲಿ ಜರ್ಮನಿಯ ಮ್ಯೂನಿಕ್‌ನ ಮಕ್ಕಳ ವೈದ್ಯ ಆಲ್‌ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಗಂಡುಮಕ್ಕಳ ಕಾಯಿಲೆಯನ್ನು ವಿವರಿಸಿ ಬರೆದರು. ಮೈಮೇಲೆ ಇಸುಬು, ರಕ್ತಭೇದಿ, ಮತ್ತೆ ಮತ್ತೆ ಕಿವಿಯ ಸೋಂಕು. ಮೂವರೂ ಚಿಕ್ಕವರಿದ್ದಾಗಲೇ ತೀರಿಕೊಂಡರು. ಆ ಮನೆಯ ಹೆಣ್ಣುಮಕ್ಕಳಿಗೆ ಏನೂ ಆಗಲಿಲ್ಲ. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಇನ್ನೊಂದು ಕುಟುಂಬದ ತಲೆಮಾರುಗಳನ್ನು ಪರಿಶೀಲಿಸಿ, ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆಂದು ತೋರಿಸಿದರು. ಹೀಗೆ ಕಾಯಿಲೆಗೆ ವಿಸ್ಕಾಟ್-ಆಲ್ಡ್ರಿಚ್ ಎಂಬ ಹೆಸರು ಬಂತು.

ಇದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 1994ರಲ್ಲಿ, ಎಕ್ಸ್ ಕ್ರೋಮೋಸೋಮಿನಲ್ಲಿ. ಅದು ಹೇಳಿದಂತೆ ತಯಾರಾಗುವ ಪ್ರೋಟೀನ್ ಇಲ್ಲದಿದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಹರಿದಾಡಿ ರೋಗಾಣುಗಳ ಜೊತೆ ಹೋರಾಡಲಾರವು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಕಡಿಮೆ, ಗಾತ್ರದಲ್ಲೂ ಸಣ್ಣವು.

ಆದರೆ ಇದೇ ಜೀನ್ ಕೆಟ್ಟಿದ್ದರೂ ಕೆಲವು ಹುಡುಗರಿಗೆ ಮೂಗಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಅಷ್ಟೇ. ಯಾಕೆ?

ಮಕ್ಕಳೇ, ಜೀನನ್ನು ನಮ್ಮ ಜೀವಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಈ ವಾಕ್ಯ ನೋಡಿ: ‘ರಮೇಶ ಮರದ ಕೆಳಗೆ ಕುಳಿತು ಬರೆದ’. ಎಲ್ಲವೂ ಮೂರಕ್ಷರದ ಪದ. ‘ಮರದ’ ಎನ್ನುವುದು ‘ಮರಪ’ ಆದರೂ ಅರ್ಥ ಊಹಿಸಬಹುದು. ಆದರೆ ಮೊದಲ ಪದದಲ್ಲಿ ಎರಡು ಅಕ್ಷರ ಬಿಟ್ಟು, ಮತ್ತೆ ಮೂರು ಮೂರಾಗಿ ಓದಿ: ‘ರಮರ ದಕೆಳ ಗೆಕುಳಿ ತುಬರೆ ದ’. ಕೊನೆಯವರೆಗೂ ಗೊಂದಲ! ಲೆಡ್ಜರ್ ಬರೆದೇ ಸವೆದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಅಂಕಿ ತಪ್ಪಿದರೆ ಹುಡುಕಿ ತಿದ್ದಬಹುದು, ಕಾಲಮ್ಮೇ ಸರಿದುಹೋದರೆ ಆ ದಿನದ ಲೆಕ್ಕ ಮುಗಿದಂತೆ.

ಜೀನಿನಲ್ಲೂ ಹಾಗೆ. ಒಂದಕ್ಷರ ಬದಲಾದರೆ ಎಷ್ಟೋ ಸಲ ಅಷ್ಟಿಷ್ಟು ಪ್ರೋಟೀನ್ ತಯಾರಾಗುತ್ತದೆ, ಕಾಯಿಲೆ ಸೌಮ್ಯ. ಓದುವ ಲಯವೇ ತಪ್ಪಿದರೆ ಪ್ರೋಟೀನ್ ಇಲ್ಲವೇ ಇಲ್ಲ, ಕಾಯಿಲೆ ಉಗ್ರ. ವಿಸ್ಕಾಟ್ ಕಂಡ ಆ ಕುಟುಂಬದ ಬಂಧುಗಳನ್ನು ಎಷ್ಟೋ ವರ್ಷಗಳ ನಂತರ ಪರೀಕ್ಷಿಸಿದಾಗ ಜೀನಿನ ಆರಂಭದಲ್ಲೇ ಎರಡು ಅಕ್ಷರ ಬಿಟ್ಟುಹೋಗಿದ್ದವು! ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವೇನಲ್ಲ. ಒಂದೇ ತಪ್ಪಿರುವ ಇಬ್ಬರು ಅಣ್ಣತಮ್ಮಂದಿರಲ್ಲೂ ಕಾಯಿಲೆಯ ತೀವ್ರತೆ ಬೇರೆಯಾಗಬಹುದು.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ‘ತಾಯಿಯಿಂದ ಬಂತು’ ಎಂದ ಕೂಡಲೇ ಸೊಸೆಯ ಕಡೆ ಬೆರಳು ತೋರಿಸುವವರಿದ್ದಾರೆ. ಆಕೆಯಲ್ಲಿ ಇನ್ನೊಂದು ಎಕ್ಸ್ ಸರಿಯಾಗಿರುವುದರಿಂದ ತನ್ನಲ್ಲಿ ತಪ್ಪಿರುವುದು ಆಕೆಗೇ ತಿಳಿದಿರುವುದಿಲ್ಲ. ಕೆಲವೊಮ್ಮೆ ಅದು ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಜಗಳಕ್ಕಿಂತ ಜೀನ್ ಪರೀಕ್ಷೆ ಉಪಯೋಗ. ತಪ್ಪು ಯಾವ ಬಗೆಯದು, ಪ್ರೋಟೀನ್ ಎಷ್ಟಿದೆ ಎಂದು ತಿಳಿದರೆ, ಕಾದು ನೋಡಬಹುದೇ ಅಥವಾ ಎಳೆತನದಲ್ಲೇ ಅಸ್ಥಿಮಜ್ಜೆ ಕಸಿ ಮಾಡಬೇಕೇ ಎಂದು ವೈದ್ಯರು ನಿರ್ಧರಿಸಬಲ್ಲರು. ಕಸಿ ಯಶಸ್ವಿಯಾದರೆ ಕಾಯಿಲೆ ವಾಸಿಯಾಗುತ್ತದೆ. ಆ ಮಜ್ಜೆಗಾಗಿ ಮೊದಲು ಹುಡುಕುವುದು ಮನೆಯಲ್ಲೇ, ಆರೋಗ್ಯವಾಗಿರುವ ಅಕ್ಕನಲ್ಲೋ ಅಣ್ಣನಲ್ಲೋ.