ಕಣ್ಣೊಂದೇ ಸಾಲದು: ವರ್ಣನೆಯಲ್ಲಿ ಐದು ಇಂದ್ರಿಯಗಳು

ಮೈಸೂರು ಜಿಲ್ಲೆಯ ಸೋಸಲೆಯ ಬಗ್ಗೆ ಬರೆಯಿರಿ ಎಂದರೆ ಹೊಸಬರು ಹೆಚ್ಚಾಗಿ ಹೀಗೆ ಶುರುಮಾಡುತ್ತಾರೆ: ‘ಕಾವೇರಿ ದಡದ ಸುಂದರ ಊರು, ಸುತ್ತ ಹಚ್ಚಹಸಿರು ಗದ್ದೆ.’ ಇದರಲ್ಲಿ ಸುಳ್ಳಿಲ್ಲ. ಆದರೆ ಕಾವೇರಿ ಬಯಲಿನ ಯಾವ ಊರಿಗೂ ಈ ಮಾತು ಒಪ್ಪುತ್ತದೆ. ‘ಸುಂದರ’ ಎನ್ನುವುದು ಬರೆದವರ ತೀರ್ಮಾನ. ಓದುವವರಿಗೆ ತೀರ್ಮಾನ ಬೇಡ. ತಾವೇ ತೀರ್ಮಾನಿಸಲು ಬೇಕಾದ ವಿವರ ಬೇಕು.

ಕಿವಿ, ಮೂಗು, ಬೆರಳು

ಸೋಸಲೆಯ ನೆರೆಯ ಟಿ. ನರಸೀಪುರದಲ್ಲಿ ಕಾವೇರಿ ಕಬಿನಿಗಳು ಕೂಡುತ್ತವೆ. ಅಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆಯೂ ಇದೆ. ಈ ರೇಷ್ಮೆ ಕಸುಬನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ಹಸಿವು ಜಾಸ್ತಿ. ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ ದೀಪ ಆರಿಸಿದರೆ, ಮನೆಯ ತುಂಬ ಸೋನೆಮಳೆ ಹಿಡಿದಂಥ ಸದ್ದು. ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ. ಹುಳು ಚೆನ್ನಾಗಿ ಮೇಯುತ್ತಿವೆ ಎಂದು ರೈತನಿಗೆ ಹೇಳುವುದು ಕಿವಿ. ಗೂಡು ಬೇಯಿಸುವಲ್ಲಿ ಮೊದಲು ಎದುರಾಗುವುದು ಬೆಂದ ಹುಳದ ವಾಸನೆ. ದಿನವಿಡೀ ಬಿಸಿನೀರಲ್ಲಿ ಎಳೆ ಹುಡುಕುವ ಕೈಯ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟುತ್ತದೆ. ಆ ಬೆರಳುಗಳನ್ನು ತೋರಿಸಿದ ಮೇಲೆ ‘ಕಷ್ಟದ ದುಡಿಮೆ’ ಎಂದು ಬೇರೆ ಬರೆಯಬೇಕಾಗಿಲ್ಲ.

ಕಣ್ಣಿಗೆ ದೂರದಿಂದಲೂ ಕಾಣುತ್ತದೆ. ರುಚಿಗೆ, ಮುಟ್ಟುವುದಕ್ಕೆ ಹತ್ತಿರ ಹೋಗಲೇಬೇಕು. ಈ ಎರಡು ಬಂದಾಗ ಓದುಗರೂ ಹತ್ತಿರ ಬರುತ್ತಾರೆ.

ದೊಡ್ಡವರು ಮಾಡಿದ್ದು

ವಸ್ತುವನ್ನು ಇದ್ದಂತೆಯೇ ಕಣ್ಣಮುಂದೆ ನಿಲ್ಲಿಸುವ ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಸಂಸ್ಕೃತ ಕಾವ್ಯಮೀಮಾಂಸಕ ದಂಡಿ ಕರೆದ. ಅದಕ್ಕೊಂದು ಉದಾಹರಣೆ: ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರ ‘ಒಡಲಾಳ’ ಕಾದಂಬರಿಯಲ್ಲಿ ಸಾಕವ್ವನ ಮನೆಯವರೆಲ್ಲ ರಾತ್ರಿ ಒಟ್ಟಾಗಿ ಕೂತು ಕಡ್ಲೆಕಾಯಿ ತಿನ್ನುತ್ತಾರೆ. ಬಡತನದ ಬಗ್ಗೆ ಭಾಷಣವಿಲ್ಲ. ತಿನ್ನುವ ಕ್ರಿಯೆಯಲ್ಲೇ ಹಸಿವೂ ಇದೆ, ಆ ಹೊತ್ತಿನ ಹಿಗ್ಗೂ ಇದೆ. ಆ ಸೀಮೆಯ ಆಡುಮಾತೇ ಅಲ್ಲಿನ ಜನರ ದನಿಯನ್ನು ನಮ್ಮ ಕಿವಿಗೆ ಮುಟ್ಟಿಸುತ್ತದೆ.

ಎಚ್ಚರಿಕೆ

ಐದೂ ಇಂದ್ರಿಯಗಳನ್ನು ಪ್ರತಿ ಪ್ಯಾರಾದಲ್ಲಿ ತುರುಕಬೇಡಿ. ಆ ಜಾಗದಲ್ಲಿ, ಆ ಗಳಿಗೆಯಲ್ಲಿ, ಆ ಮನುಷ್ಯನಿಗೆ ಯಾವುದು ಮೊದಲು ತಾಗುತ್ತದೋ ಅದನ್ನು ಆರಿಸಿ. ಗದ್ದೆಗೆ ನೀರು ಹಾಯಿಸುವವನಿಗೆ ಕಾಲಡಿಯ ಕೆಸರಿನ ತಂಪು ಮೊದಲು; ಪೈರಿನ ಹಸಿರು ಆಮೇಲೆ. ಗುಣವಾಚಕ ಕಡಿಮೆ ಮಾಡಿ, ಕ್ರಿಯಾಪದಕ್ಕೆ ಕೆಲಸ ಕೊಡಿ. ‘ಒಳ್ಳೆಯ ವಾಸನೆ’ ಎನ್ನದೆ ಯಾವುದರ ವಾಸನೆಯೆಂದು ಹೇಳಿ. ಒಗರು, ಕಮಟು, ಘಾಟು, ಸೀಕಲು ಇವೆಲ್ಲ ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಬದುಕಿರುವ ಮಾತುಗಳು. ಅವನ್ನು ಬರವಣಿಗೆಗೆ ತನ್ನಿ.

ಅಭ್ಯಾಸ

ನಿಮ್ಮೂರಿನ ಸಂತೆ, ಹೊಳೆ ಅಥವಾ ಹಿಟ್ಟಿನ ಗಿರಣಿಯಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಬಳಿಕ ಹತ್ತು ಸಾಲು ಬರೆಯಿರಿ. ‘ಸುಂದರ’, ‘ರಮಣೀಯ’, ‘ಮನಮೋಹಕ’ ಎಂಬ ಪದಗಳು ಒಮ್ಮೆಯೂ ಬರಬಾರದು. ಬರೆದದ್ದನ್ನು ಆ ಊರಿನವರಿಗೇ ಓದಿ ಹೇಳಿ. ಊರಿನ ಹೆಸರು ಹೇಳದೆಯೇ ಅವರು ಗುರುತು ಹಿಡಿದರೆ ನಿಮ್ಮ ವರ್ಣನೆ ಗೆದ್ದಂತೆ.